ಅಪ್‌ಡೇಟ್: ಜರ್ಮನ್ ಓಟಕ್ಕೆ ‘ಸೇಂಟ್ ಲೆಜರ್’ ಹೆಸರು ಯಾಕೆ?

ಡಾರ್ಟ್‌ಮುಂಡ್‌ನ ಕುದುರೆ ಓಟ ‘ಡಾಯ್ಚಸ್ ಸೇಂಟ್ ಲೆಜರ್’ಗೆ ಯಾವ ಸಂತನ ಹೆಸರು ಇಟ್ಟಿದ್ದಾರೆ ಅಂತ ಕೇಳಿದ್ದೆ. ಉತ್ತರ ಸಿಕ್ಕಿತು, ನಗುವೂ ಬಂತು. ಸಂತನೂ ಇಲ್ಲ, ಗಿಂತನೂ ಇಲ್ಲ! ಆಂಥನಿ ಸೇಂಟ್ ಲೆಜರ್ ಒಬ್ಬ ಸೇನಾಧಿಕಾರಿ. 1776ರಲ್ಲಿ ಇಂಗ್ಲೆಂಡಿನ ಡಾಂಕಾಸ್ಟರ್‌ನಲ್ಲಿ ಮೂರು ವರ್ಷದ ಕುದುರೆಗಳಿಗೆ ಓಟ ಶುರು ಮಾಡಿದವರು. ಅದೇ ಮಾದರಿಯಲ್ಲಿ ಜರ್ಮನ್ನರು 1881ರಲ್ಲಿ ತಮ್ಮದನ್ನು ಆರಂಭಿಸಿದರು.

ದೂರ 2,800 ಮೀಟರ್. ಜರ್ಮನಿಯ ಇನ್ನೊಂದು ಹೆಸರಾಂತ ಓಟವಾದ ಡರ್ಬಿಗಿಂತ 400 ಮೀಟರ್ ಜಾಸ್ತಿ, ಅಷ್ಟೇ ಅಲ್ವಾ ಅಂದುಕೊಂಡಿದ್ದೆ. ಆಮೇಲೆ ಒಂದು ಓಟದ ವಿಡಿಯೋ ನೋಡಿದೆ. ಮೊದಲರ್ಧ ಜಾಕಿಗಳು ಲಗಾಮು ಬಿಗಿ ಹಿಡಿದು ಸುಮ್ನೆ ಕೂತಿದ್ದರು. ಕೊನೆಯ ನೇರ ದಾರಿಗೆ ಬಂದಾಗ ಮುಂದಿದ್ದ ಕುದುರೆಯ ಹೆಜ್ಜೆ ಗಿಡ್ಡವಾಯಿತು, ಹಿಂದಿನದು ಆರಾಮಾಗಿ ದಾಟಿಹೋಯಿತು. ಆ 400 ಮೀಟರ್ ಏನು ಅಂತ ಆಗ ಗೊತ್ತಾಯಿತು.

ನನ್ನ ಎರಡನೇ ಪ್ರಶ್ನೆ: ಇದರಲ್ಲಿ ಮೂರು ವರ್ಷ ದಾಟಿದ ಕುದುರೆಗಳೂ ಯಾಕೆ ಓಡುತ್ತವೆ? 2007ರಿಂದ ಅವಕ್ಕೂ ಅವಕಾಶ ಕೊಟ್ಟಿದ್ದಾರಂತೆ. ಐರ್ಲೆಂಡ್ ತನ್ನ ಸೇಂಟ್ ಲೆಜರ್‌ನಲ್ಲಿ 1983ರಲ್ಲೇ ಹೀಗೆ ಮಾಡಿತ್ತು. ಈಗಿನ ತಳಿಗಾರರಿಗೆ ದೂರ ಓಡುವ ಕುದುರೆಗಳಿಗಿಂತ ವೇಗದ ಕುದುರೆಗಳೇ ಬೇಕು, ಹಾಗಾಗಿ ಬರೀ ಮೂರು ವರ್ಷದವನ್ನೇ ನಂಬಿ ಕೂರುವುದು ಕಷ್ಟ. ಆದರೆ ಡಾಂಕಾಸ್ಟರ್ ಇನ್ನೂ ಮೂರು ವರ್ಷಕ್ಕೇ ಅಂಟಿಕೊಂಡಿದೆ. ನನಗೆ ಆ ಹಟವೇ ಇಷ್ಟ.