ಬೀದಿಯಲ್ಲಿ ಕೊರೊನಾ ಸೋಂಕು ಜಾಸ್ತಿಯಾಗುತ್ತಿದೆ, ನಿಮ್ಮ ನಿಮ್ಮ ಮನೆಯಲ್ಲಿ ಹೇಗೆ ನಿಭಾಯಿಸಿದಿರಿ?

ವಿನೋಬನಗರದಿಂದ

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆ ವಿನೋಬನಗರದವರು. 2021ರ ಮೇ ತಿಂಗಳು ಮುಗಿಯುತ್ತಾ ಬಂತು, ಲಾಕ್‌ಡೌನ್ ಜೂನ್ 7ರವರೆಗೆ ಮುಂದೆ ಹೋಗಿದೆ, ಆದರೂ ನಮ್ಮ ಬೀದಿಯಲ್ಲಿ ಒಂದು ಮನೆ ಆದ ಮೇಲೆ ಇನ್ನೊಂದು ಮನೆಗೆ ಬರುತ್ತಲೇ ಇದೆ. ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ ಇದೆ, ಲಸಿಕೆ ಒಂದು ಡೋಸ್ ಆಗಿದೆ. ಯಜಮಾನರು ಎಪಿಎಂಸಿ ಮಂಡಿಯ (ಕೃಷಿ ಮಾರುಕಟ್ಟೆ) ಕೆಲಸಕ್ಕೆ ಹೋಗಲೇಬೇಕು. ಇಬ್ಬರು ಚಿಕ್ಕ ಮಕ್ಕಳು. ಇರುವುದು ಎರಡು ರೂಮು, ಬಚ್ಚಲು ಒಂದೇ. ಟಿವಿ ಹಾಕಿದರೆ ಎದೆ ಹೊಡೆದುಕೊಳ್ಳುತ್ತದೆ, ಆರಿಸಿದರೆ ಏನೂ ಗೊತ್ತಾಗುವುದಿಲ್ಲ. ಯಾರ ಮನೆಗೆ ಬಂದು ಹೋಗಿದೆಯೋ ಅವರು ದಯವಿಟ್ಟು ಹೇಳಿ, ನೀವು ಏನು ಮಾಡಿದಿರಿ? ಬರುವುದಕ್ಕೆ ಮೊದಲೇ ಏನು ರೆಡಿ ಇಟ್ಟುಕೊಳ್ಳಬೇಕು?

ನಿಟ್ಟುವಳ್ಳಿಯಿಂದ

ಅಕ್ಕಾ, ನಮ್ಮ ಮನೆಯಲ್ಲಿ ಯುಗಾದಿ ಆದ ಮೇಲೆ ನಾಲ್ವರಿಗೂ ಬಂತು. ಅಪ್ಪಾಜಿಯವರಿಗೆ ಆಕ್ಸಿಜನ್ ಬೇಕಾಗುವಷ್ಟು ಆಯಿತು, ಈಗ ಮನೆಗೆ ಬಂದಿದ್ದಾರೆ, ನಿಧಾನಕ್ಕೆ ಓಡಾಡುತ್ತಾರೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಜ್ವರ ಬಂದ ಮೊದಲ ದಿನ ಯಾವುದು ಅಂತ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಮೈಕೈ ನೋವು, ಗಂಟಲು ಕೆರೆತ, ಹೊಟ್ಟೆ ಕೆಟ್ಟಿದ್ದು, ಯಾವುದು ಮೊದಲು ಶುರುವಾಯಿತೋ ಅದೇ ಒಂದನೇ ದಿನ. ಟೆಸ್ಟ್ ಮಾಡಿಸಿದ ದಿನ ಅಲ್ಲ, ರಿಪೋರ್ಟ್ ಬಂದ ದಿನವೂ ಅಲ್ಲ. ಡಾಕ್ಟರು ನಮಗೆ ಪದೇ ಪದೇ ಕೇಳಿದ್ದು ಇದೊಂದೇ, "ಇವತ್ತು ಎಷ್ಟನೇ ದಿನ?" ಯಾಕೆಂದರೆ ಮೊದಲ ಮೂರ್ನಾಲ್ಕು ದಿನ ಸಾದಾ ಜ್ವರದ ಹಾಗೇ ಇರುತ್ತದೆ, ಉಸಿರಿನ ತೊಂದರೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ಐದರಿಂದ ಹತ್ತನೇ ದಿನದ ಒಳಗೆ. ಅಷ್ಟರಲ್ಲಿ ಜ್ವರ ಬಿಟ್ಟಿರುತ್ತದೆ, ಮನೆಯವರು ಹುಷಾರಾದರು ಅಂದುಕೊಳ್ಳುತ್ತಾರೆ, ಆಗಲೇ ಕೈ ಕೊಡುವುದು. ಅಪ್ಪಾಜಿಗೂ ಹಾಗೇ ಆಯಿತು. ಜ್ವರ ಇಳಿದಿತ್ತು, ಊಟ ಕೇಳಿ ಮಾಡಿದ್ದರು, ಮಾರನೇ ದಿನ ರಕ್ತದ ಆಕ್ಸಿಜನ್ ಮಟ್ಟ ಶೇಕಡಾ 91ಕ್ಕೆ ಬಂತು. ದಿನದ ಲೆಕ್ಕ ಇದ್ದಿದ್ದರಿಂದ ನಾವು ಬಿಡದೆ ನೋಡುತ್ತಿದ್ದೆವು, ತಕ್ಷಣ ಕರೆದುಕೊಂಡು ಹೋದೆವು.

ಬೆರಳಿಗೆ ಹಾಕಿ ಆ ಆಕ್ಸಿಜನ್ ನೋಡುವ ಪಲ್ಸ್ ಆಕ್ಸಿಮೀಟರ್ ಒಂದು ತೆಗೆದಿಟ್ಟುಕೊಳ್ಳಿ. ದುಡ್ಡಿಗೆ ಕಷ್ಟ ಆದರೆ ಬೀದಿಯ ನಾಲ್ಕೈದು ಮನೆ ಸೇರಿ ಒಂದು ತನ್ನಿ, ಒರೆಸಿ ಒರೆಸಿ ಬಳಸಬಹುದು. ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಬೇಕು, ಬೆರಳು ಬೆಚ್ಚಗಿರಬೇಕು, ಉಗುರಿಗೆ ಬಣ್ಣ, ಮೆಹಂದಿ ಇರಬಾರದು, ನಂಬರು ಒಂದು ಕಡೆ ನಿಲ್ಲುವವರೆಗೆ ಕಾಯಬೇಕು. 94ಕ್ಕಿಂತ ಕೆಳಗೆ ಬಂದರೆ ಕಾಯಬೇಡಿ, ಡಾಕ್ಟರಿಗೆ ತಿಳಿಸಿ. ಕೂತಾಗ ಚೆನ್ನಾಗಿದ್ದು ರೂಮಿನಲ್ಲೇ ಆರು ನಿಮಿಷ ನಡೆದ ಮೇಲೆ 94ರ ಕೆಳಗೆ ಇಳಿದರೂ ಅಥವಾ ಮೊದಲಿಗಿಂತ ಮೂರಕ್ಕಿಂತ ಜಾಸ್ತಿ ಕಡಿಮೆಯಾದರೂ ಅದೂ ಎಚ್ಚರಿಕೆಯೇ. ವಯಸ್ಸಾದವರನ್ನು ಒಬ್ಬರೇ ನಡೆಸಬೇಡಿ, ಪಕ್ಕದಲ್ಲಿ ಯಾರಾದರೂ ಮಾಸ್ಕ್ ಹಾಕಿಕೊಂಡು ಇರಲಿ. ಮಾತಾಡುವಾಗ ಏದುಸಿರು, ತುಟಿ ನೀಲಿಯಾಗುವುದು, ತಬ್ಬಿಬ್ಬಾಗಿ ಏನೇನೋ ಮಾತಾಡುವುದು, ಇದು ಕಂಡರೆ ನಂಬರು ನೋಡುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಬಚ್ಚಲು ಒಂದೇ ಅಂದಿರಿ. ನಮ್ಮದೂ ಒಂದೇ. ಹುಷಾರಿಲ್ಲದವರು ಎಲ್ಲರ ಸ್ನಾನ ಆದ ಮೇಲೆ ಕೊನೆಗೆ ಹೋಗುತ್ತಿದ್ದರು, ಆಮೇಲೆ ಕಿಟಕಿ ಬಾಗಿಲು ತೆರೆದು ಅರ್ಧ ಗಂಟೆಯಾದರೂ ಹಾಗೇ ಬಿಡುತ್ತಿದ್ದೆವು. ನೆಲ ಉಜ್ಜುವುದು ಸರಿ, ಆದರೆ ಗಾಳಿ ಆಡುವುದು ಅದಕ್ಕಿಂತ ಮುಖ್ಯ. ಇದು ಉಸಿರಿನ ಗಾಳಿಯಲ್ಲೇ ಹರಡುವ ರೋಗ. ನಮ್ಮ ಓಣಿಯಲ್ಲಿ ಸೋಂಕು ಬಂದ ಮನೆಯವರು ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಕೂರುತ್ತಿದ್ದರು, ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೋ ಅಂತ. ದಯವಿಟ್ಟು ಹಾಗೆ ಮಾಡಬೇಡಿ. ಒಳಗೆ ಇರುವವರಿಗೇ ಅದರಿಂದ ಕೇಡು. ಒಂದೇ ರೂಮಿನಲ್ಲಿ ಇರಬೇಕಾಗಿ ಬಂದರೆ ಇಬ್ಬರೂ ಮಾಸ್ಕ್ ಹಾಕಬೇಕು, ರೋಗಿ ಮಾತ್ರ ಅಲ್ಲ.

ಮಾವನವರಿಗೆ ಸಕ್ಕರೆ ಇರುವುದರಿಂದ ಅವರಿಗೆ ಏನಾದರೂ ಬಂದರೆ ಡಾಕ್ಟರು ನೋಡದೆ ಮನೆಯಲ್ಲೇ ಇಟ್ಟುಕೊಳ್ಳುವ ತೀರ್ಮಾನ ಮಾಡಬೇಡಿ. ಅವರ ಈಗಿನ ಮಾತ್ರೆ ಚೀಟಿ, ಆಧಾರ್, ಹಳೆಯ ರಿಪೋರ್ಟ್ ಎಲ್ಲ ಒಂದು ಕವರಿನಲ್ಲಿ ಹಾಕಿಡಿ. ಎಲ್ಲಿಗೆ ಹೋಗಬೇಕು, ಯಾರು ಕರೆದುಕೊಂಡು ಹೋಗಬೇಕು ಅನ್ನುವುದನ್ನು ಇವತ್ತೇ ಮಾತಾಡಿಕೊಳ್ಳಿ, ರಾತ್ರಿ ಎರಡು ಗಂಟೆಗೆ ಅಲ್ಲ. ಚಿಗಟೇರಿ ಜಿಲ್ಲಾ ಆಸ್ಪತ್ರೆಯೋ, ಬಾಪೂಜಿಯೋ, ಎಸ್.ಎಸ್. ಆಸ್ಪತ್ರೆಯೋ, ಎಲ್ಲೇ ಹೋದರೂ ಮೊದಲು ಕೇಳುವುದು ಟೆಸ್ಟ್ ಆಗಿದೆಯಾ, ಎಸ್‌ಆರ್‌ಎಫ್ ನಂಬರ್ (ಟೆಸ್ಟ್ ಕೊಟ್ಟಿದ್ದಕ್ಕೆ ಸಿಗುವ ನೋಂದಣಿ ನಂಬರ್) ಏನು ಅಂತ. ಟೆಸ್ಟ್ ಕೊಟ್ಟಾಗ ಮೊಬೈಲ್‌ಗೆ ಬರುವ ಆ ಮೆಸೇಜ್ ಅಳಿಸಬೇಡಿ.

ಪಿ.ಜೆ. ಬಡಾವಣೆಯಿಂದ, ಮೆಡಿಕಲ್ ಶಾಪ್ ನಡೆಸುವವರು

ಮೇಲೆ ತಂಗಿ ಬರೆದದ್ದು ಸರಿಯಾಗಿದೆ. ನಾನು ಔಷಧಿ ವಿಷಯ ಮಾತ್ರ ಹೇಳುತ್ತೇನೆ, ಯಾಕೆಂದರೆ ದಿನಾ ಕಣ್ಣಾರೆ ನೋಡುತ್ತಿದ್ದೇನೆ. ವಾಟ್ಸಾಪ್‌ನಲ್ಲಿ ಯಾರದೋ ಚೀಟಿ ಫೋಟೋ ಬಂದಿರುತ್ತದೆ, ಅದನ್ನೇ ತೋರಿಸಿ ಎಲ್ಲ ಕೊಡಿ ಅಂತಾರೆ. ಅದರಲ್ಲಿ ಸ್ಟೆರಾಯ್ಡ್ ಇರುತ್ತದೆ. ನಾನು ಕೊಡುವುದಿಲ್ಲ, ಜಗಳ ಆಡಿಕೊಂಡು ಇನ್ನೊಂದು ಅಂಗಡಿಗೆ ಹೋಗುತ್ತಾರೆ.

ಸ್ಟೆರಾಯ್ಡ್ ಕೆಲಸ ಮಾಡುವುದು ಆಕ್ಸಿಜನ್ ಬೇಕಾದ ಹಂತಕ್ಕೆ ಹೋದವರಿಗೆ. ಮೊದಲ ದಿನಗಳಲ್ಲಿ ಸುಮ್ನೆ ನುಂಗಿದರೆ ಮೈಯಲ್ಲಿ ರೋಗದ ಜೊತೆ ಹೋರಾಡುವ ಶಕ್ತಿಯೇ ಕುಗ್ಗುತ್ತದೆ. ಸಕ್ಕರೆ ಇದ್ದವರಿಗೆ ಸಕ್ಕರೆ ಒಮ್ಮೆಲೇ ಏರುತ್ತದೆ, ಈಗ ಎಲ್ಲರೂ ಹೆದರುತ್ತಿರುವ ಬ್ಲಾಕ್ ಫಂಗಸ್ ಕೂಡ ಸಕ್ಕರೆ ಹತೋಟಿ ತಪ್ಪಿದವರಲ್ಲಿ, ಸ್ಟೆರಾಯ್ಡ್ ಜಾಸ್ತಿ ಆದವರಲ್ಲೇ ಹೆಚ್ಚು ಕಾಣಿಸುತ್ತಿದೆ. ನಿಮ್ಮ ಮಾವನವರ ವಿಷಯದಲ್ಲಿ ಇದನ್ನು ಮರೆಯಬೇಡಿ. ಸಕ್ಕರೆ ನೋಡುವ ಮೀಟರ್ ಮನೆಯಲ್ಲಿ ಇಲ್ಲದಿದ್ದರೆ ಆಕ್ಸಿಮೀಟರ್ ಜೊತೆ ಅದನ್ನೂ ತನ್ನಿ.

ಜ್ವರಕ್ಕೆ ಪ್ಯಾರಾಸಿಟಮಾಲ್, ನೀರು, ಗಂಜಿ, ನಿದ್ದೆ. ತುಂಬಾ ಜನಕ್ಕೆ ಇಷ್ಟರಲ್ಲೇ ವಾಸಿಯಾಗುತ್ತದೆ. ಹಬೆ ತೆಗೆದುಕೊಂಡರೆ ಮೂಗಿಗೆ ಹಿತ ಅನಿಸಬಹುದು, ಆದರೆ ಅದರಿಂದ ವೈರಸ್ ಸಾಯುವುದಿಲ್ಲ, ಮಕ್ಕಳ ಹತ್ತಿರ ಕುದಿಯುವ ನೀರು ಇಡಲೇಬೇಡಿ. ಸ್ವಲ್ಪ ಕೆಮ್ಮು ಬಂದ ಕೂಡಲೇ ಸಿಟಿ ಸ್ಕ್ಯಾನ್‌ಗೆ ಓಡುವುದೂ ಬೇಡ, ಡಾಕ್ಟರು ಹೇಳಿದರೆ ಮಾತ್ರ.

ಮಂಡಕ್ಕಿ ಭಟ್ಟಿ ಕಡೆಯಿಂದ

ನಮ್ಮ ಕಡೆ ಒಂದು ಬೇರೆ ತೊಂದರೆ. ಭಟ್ಟಿ ಹೊಗೆಗೆ ವರ್ಷವಿಡೀ ಕೆಮ್ಮು ಇದ್ದೇ ಇರುತ್ತದೆ, ಯಾರೂ ಅದನ್ನು ಲೆಕ್ಕಕ್ಕೆ ಇಡುವುದಿಲ್ಲ. ಕೆಮ್ಮು ನೋಡಿ ಗೊತ್ತುಮಾಡಲು ಆಗಲ್ಲ ಅಂತ ನಾವು ವಾಸನೆ ನೋಡುವುದು ಶುರು ಮಾಡಿದೆವು. ಬೆಳಿಗ್ಗೆ ಒಗ್ಗರಣೆ ವಾಸನೆ ಬರುತ್ತಿದೆಯಾ ಅಂತ ಒಬ್ಬರನ್ನೊಬ್ಬರು ಕೇಳುತ್ತೇವೆ. ಬರದಿದ್ದವರು ಅವತ್ತೇ ಟೆಸ್ಟ್‌ಗೆ ಹೋಗುತ್ತಾರೆ. ವಾಸನೆ ಬಂದ ಮಾತ್ರಕ್ಕೆ ರೋಗ ಇಲ್ಲ ಅಂತ ಅಲ್ಲ, ಅದೂ ಗೊತ್ತಿರಲಿ.

ಜಗಳೂರು ತಾಲ್ಲೂಕಿನ ಹಳ್ಳಿಯಿಂದ

ಅಕ್ಕಾವ್ರೆ, ನೀವು ಸಿಟಿಯವರು, ನಿಮಗೆ ಆಸ್ಪತ್ರೆ ಹತ್ತಿರ. ನಮ್ಮ ಹಳ್ಳಿ ಕಥೆ ಕೇಳಿ. ಕಳೆದ ವರ್ಷ ಕೊರೊನಾ ಅಂದರೆ ಸಿಟಿ ರೋಗ ಅಂತ ಇದ್ದೆವು. ಈ ಸಲ ಬೆಂಗಳೂರಿಗೆ ದುಡಿಯಲು ಹೋದ ಹುಡುಗರು ಏಪ್ರಿಲ್ ಕೊನೆಗೆ ಎಲ್ಲ ಮುಚ್ಚಿದ್ದೇ ಊರಿಗೆ ಬಂದರು. ಅವರದು ತಪ್ಪು ಅಂತ ನಾನು ಹೇಳುವುದಿಲ್ಲ, ಅಲ್ಲಿ ಬಾಡಿಗೆ ಕಟ್ಟಿಕೊಂಡು ಏನು ತಿನ್ನಬೇಕು ಅವರು? ಆದರೆ ಬಂದವರಲ್ಲಿ ಕೆಲವರಿಗೆ ಜ್ವರ ಇತ್ತು, ಮನೆಯವರು ಹೇಳಲಿಲ್ಲ. ಕೇಳಿದರೆ ಬಿಸಿಲಿಗೆ ಬಂದಿದ್ದು, ನೀರು ಬದಲಾಗಿದ್ದು, ಹೀಗೇ ಏನಾದರೊಂದು.

ಯಾಕೆ ಹೇಳಲ್ಲ ಅಂದರೆ, ಹೇಳಿದರೆ ಏನಾಗುತ್ತದೆ ಅಂತ ಅವರು ನೋಡಿದ್ದಾರೆ. ಮನೆ ಮುಂದೆ ಕಟ್ಟಿಗೆ ಅಡ್ಡ ಕಟ್ಟುತ್ತಾರೆ, ಹಾಲು ಹಾಕುವವರು ಬರಲ್ಲ, ಡೇರಿಯಲ್ಲಿ ಇವರ ಹಾಲು ತಗೊಳ್ಳಲ್ಲ, ಬೋರಿನ ನೀರಿಗೆ ಬಿಡಲ್ಲ. ಈಗಂತೂ ಮಳೆ ಮುಂದಿದೆ, ಮೆಕ್ಕೆಜೋಳದ ಬೀಜ ತರಬೇಕು, ಹೊಲ ಹದ ಮಾಡಬೇಕು. ಹದಿನೈದು ದಿನ ಮನೆಯಲ್ಲಿ ಕೂತರೆ ಆ ವರ್ಷದ ಬೆಳೆಯೇ ಹೋಯಿತು ಅಂತ ಹೆದರಿಕೆ. ಹಾಗಾಗಿ ಮಾತ್ರೆ ನುಂಗಿ ರೈತ ಸಂಪರ್ಕ ಕೇಂದ್ರದ ಸಾಲಿನಲ್ಲಿ ನಿಲ್ಲುತ್ತಾರೆ. ಅಲ್ಲಿಂದ ಹತ್ತು ಮನೆಗೆ.

ನಮ್ಮ ಊರಲ್ಲಿ ಬುದ್ಧಿ ಹೇಳಿದ್ದರಿಂದ ಏನೂ ಬದಲಾಗಲಿಲ್ಲ. ಬದಲಾಗಿದ್ದು ಯಾವಾಗ ಅಂದರೆ, ನಮ್ಮ ಕೇರಿಯ ಯುವಕರು ಸೇರಿ ಒಂದು ಮಾತು ಕೊಟ್ಟ ಮೇಲೆ. ಯಾರ ಮನೆಯಲ್ಲಿ ಜ್ವರ ಅಂತ ಮೊದಲ ದಿನವೇ ಹೇಳುತ್ತಾರೋ ಅವರ ದನಕ್ಕೆ ಮೇವು ನೀರು ನಮ್ಮದು, ಬೀಜ ಗೊಬ್ಬರ ತಂದುಕೊಡುವುದು ನಮ್ಮದು, ಮಳೆ ಬಿದ್ದರೆ ಬಿತ್ತನೆಯೂ ನಮ್ಮದೇ. ಮನೆ ಬಾಗಿಲಿಗೆ ರೊಟ್ಟಿ ಪಲ್ಯ ಇಟ್ಟು ಬರುತ್ತೇವೆ. ಇದಾದ ಮೇಲೆ ಒಂದೊಂದೇ ಮನೆಯವರು ತಾವಾಗಿ ಬಂದು ಹೇಳಿದರು. ಮನೆಯಲ್ಲಿ ಬೇರೆ ರೂಮು ಇಲ್ಲದವರು, ಸೋಂಕು ಬಂದವರನ್ನು ಇರಿಸಿಕೊಳ್ಳುವ ಕೋವಿಡ್ ಕೇರ್ ಸೆಂಟರ್‌ಗೂ ಒಪ್ಪಿಕೊಂಡು ಹೋದರು, ಹಿಂದೆ ಮನೆ ನೋಡಿಕೊಳ್ಳುವವರು ಇದ್ದಾರೆ ಅನ್ನುವ ಧೈರ್ಯದಿಂದ. ನಿಮ್ಮ ಬೀದಿಯಲ್ಲೂ ಇದನ್ನೇ ಮೊದಲು ಮಾಡಿ ಅಂತ ನನ್ನ ಮಾತು. ನಿಮ್ಮ ಮನೆ ಎಷ್ಟು ಜಾಗ್ರತೆ ಮಾಡಿದರೂ ಪಕ್ಕದ ಮನೆಯವರು ಹೆದರಿ ಮುಚ್ಚಿಟ್ಟರೆ ನಿಮಗೆ ಗೊತ್ತಾಗುವುದೇ ಇಲ್ಲ.

ಆವರಗೆರೆಯಿಂದ, ಆಶಾ ಕಾರ್ಯಕರ್ತೆ

ಜಗಳೂರಿನ ಅಣ್ಣ ಹೇಳಿದ್ದು ಓದಿ ಕಣ್ಣು ತುಂಬಿ ಬಂತು. ನಾವು ಬಾಗಿಲು ತಟ್ಟಿದರೆ ಒಳಗೆ ಮಾತು ನಿಂತುಹೋಗುತ್ತದೆ. "ಯಾರಿಗೂ ಏನೂ ಇಲ್ಲ ಹೋಗ್ರಿ" ಅಂತಾರೆ, ಹಿಂದೆ ಯಾರೋ ಕೆಮ್ಮುವುದು ಕೇಳಿಸುತ್ತಿರುತ್ತದೆ. ಕಳೆದ ವರ್ಷ ಜಾಲಿನಗರ, ಬಾಷಾನಗರದಲ್ಲಿ ಸೋಂಕು ಬಂದಾಗ ಆ ಕಡೆಯವರು ಅಂದರೆ ಸಾಕು ಕೆಲಸಕ್ಕೆ ಸೇರಿಸಿಕೊಳ್ಳದ ಜನ ಇದ್ದರು. ಅದನ್ನು ನೋಡಿದವರು ಈಗ ಯಾಕೆ ಬಾಯಿ ಬಿಡುತ್ತಾರೆ ಹೇಳಿ?

ನಮ್ಮ ಹತ್ತಿರ ನಿಜ ಹೇಳಿದರೆ ನಾವು ಮಾಡುವುದು ಇಷ್ಟೇ. ಜ್ವರ ನೋಡುತ್ತೇವೆ, ಆಕ್ಸಿಜನ್ ನೋಡುತ್ತೇವೆ, ಮನೆಯಲ್ಲಿ ವಯಸ್ಸಾದವರು, ಬಸುರಿ, ಬಿಪಿ ಸಕ್ಕರೆ ಇದ್ದವರು ಯಾರು ಅಂತ ಬರೆದುಕೊಳ್ಳುತ್ತೇವೆ, ಟೆಸ್ಟ್ ಎಲ್ಲಿ ಅಂತ ಹೇಳುತ್ತೇವೆ. ರ‍್ಯಾಪಿಡ್ ಟೆಸ್ಟ್‌ನಲ್ಲಿ ಪಾಸಿಟಿವ್ ಬಂದರೆ ಅದು ಪಾಸಿಟಿವ್ ಅಂತಲೇ ಲೆಕ್ಕ. ನೆಗೆಟಿವ್ ಬಂದು ಜ್ವರ ಕೆಮ್ಮು ಇದ್ದರೆ ಮಾತ್ರ ಅಷ್ಟಕ್ಕೇ ಬಿಡಬೇಡಿ, ಲ್ಯಾಬಿನಲ್ಲಿ ಮಾಡುವ ಆರ್‌ಟಿಪಿಸಿಆರ್ ಮಾಡಿಸಿ, ರಿಪೋರ್ಟ್ ಬರುವ ತನಕ ಬೇರೆ ಇರಿ. ಸಂದೇಹ ಇದ್ದರೆ ಆರೋಗ್ಯ ಸಹಾಯವಾಣಿ 104ಕ್ಕೂ ಕೇಳಬಹುದು.

ಇನ್ನೊಂದು, ನಲ್ಲಿ ನೀರು ಬರುವ ದಿನ. ನೀರು ಬಂತು ಅಂದರೆ ಮಾಸ್ಕ್ ಎಲ್ಲಿ, ಅಂತರ ಎಲ್ಲಿ, ಕೊಡ ಹಿಡಿದು ಎಲ್ಲರೂ ಒಟ್ಟಿಗೆ. ಬೆಳಿಗ್ಗೆ 6ರಿಂದ 10ರ ಅಂಗಡಿ ಸಮಯದಲ್ಲೂ ಹಾಗೇ. ಸೋಂಕು ಇರುವ ಮನೆಗೆ ಅಕ್ಕಪಕ್ಕದವರು ಎರಡು ಕೊಡ ನೀರು ತುಂಬಿ ಬಾಗಿಲ ಹತ್ತಿರ ಇಟ್ಟರೆ ಅವರು ನಲ್ಲಿಗೆ ಬರುವ ಪ್ರಶ್ನೆಯೇ ಇಲ್ಲ. ಕೊಡ ಮುಟ್ಟಿದರೆ ಅಂಟುತ್ತದೆ ಅಂತ ಹೆದರಬೇಡಿ, ಇಟ್ಟು ದೂರ ಬನ್ನಿ, ಕೈ ತೊಳೆದುಕೊಳ್ಳಿ, ಸಾಕು.

ವಿನೋಬನಗರದಿಂದ

ಎಲ್ಲರಿಗೂ ತುಂಬಾ ಧನ್ಯವಾದ. ಓದಿ ಸ್ವಲ್ಪ ಧೈರ್ಯ ಬಂತು. ಇನ್ನೂ ಮೂರು ಕೇಳಬೇಕು. ನಮ್ಮ ಯಜಮಾನರು ಮಂಡಿಯಿಂದ ಬಂದ ಮೇಲೆ ಏನು ಮಾಡಬೇಕು? ಮಾವನವರಿಗೆ ಎರಡನೇ ಡೋಸ್ ಯಾವಾಗ? ಆಮೇಲೆ ಎದುರು ಮನೆಯಲ್ಲಿ ಎರಡು ದಿನದಿಂದ ಯಾರೂ ಹೊರಗೆ ಬಂದಿಲ್ಲ, ಅಜ್ಜಿ ಕೆಮ್ಮುತ್ತಾರೆ. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಸುಮ್ಮನಿದ್ದೇನೆ.

ನಿಟ್ಟುವಳ್ಳಿಯಿಂದ

ಯಜಮಾನರು ಬಂದ ಕೂಡಲೇ ಕೈಕಾಲು ತೊಳೆದು ಬಟ್ಟೆ ಬದಲಾಯಿಸಲಿ, ಆದರೆ ಅದಕ್ಕಿಂತ ಮುಖ್ಯ ಮಂಡಿಯಲ್ಲಿ ಮೂಗು ಮುಚ್ಚುವ ಹಾಗೆ ಮಾಸ್ಕ್ ಹಾಕುವುದು. ಗದ್ದ ಮುಚ್ಚಿದರೆ ಏನೂ ಉಪಯೋಗವಿಲ್ಲ. ಊಟ ಚಹಾ ಅಲ್ಲಿ ಗುಂಪಿನಲ್ಲಿ ಬೇಡ, ಆಗ ಎಲ್ಲರ ಮಾಸ್ಕ್ ಕೆಳಗೆ ಬಂದಿರುತ್ತದೆ. ಸೋಂಕು ಜಾಸ್ತಿ ಇರುವಷ್ಟು ದಿನ ಅವರು ಹೊರಗಿನ ಪಡಸಾಲೆಯಲ್ಲಿ ಮಲಗಲಿ, ಮಾವನವರ ಜೊತೆ ಒಂದೇ ರೂಮಿನಲ್ಲಿ ಬೇಡ. ನಾವು ಈಗಲೂ ಹಾಗೇ ಮಾಡುತ್ತಿದ್ದೇವೆ.

ಡೋಸ್ ವಿಷಯ, ಕೋವಿಶೀಲ್ಡ್ ಆದರೆ ಈ ತಿಂಗಳು (2021ರ ಮೇ) 12ರಿಂದ 16 ವಾರ ಅಂತ ಮಾಡಿದ್ದಾರೆ, ಕೋವ್ಯಾಕ್ಸಿನ್ ಆದರೆ 4ರಿಂದ 6 ವಾರ. ಮೊಬೈಲ್ ಮೆಸೇಜ್‌ನಲ್ಲಿ ಯಾವುದು ಅಂತ ಇರುತ್ತದೆ, ನೋಡಿಕೊಳ್ಳಿ. ಮಧ್ಯದಲ್ಲಿ ಸೋಂಕು ಬಂದರೆ ವಾಸಿಯಾಗಿ ಮೂರು ತಿಂಗಳು ಆದ ಮೇಲೆ ಹಾಕಿಸಬೇಕು ಅಂತ ಈಗ ಹೇಳಿದ್ದಾರೆ.

ಎದುರು ಮನೆಯವರನ್ನು ಇವತ್ತೇ ಕೇಳಿ ಅಕ್ಕಾ. ನಾಳೆಗೆ ಇಡಬೇಡಿ. "ನಿಮಗೆ ಕೊರೊನಾ ಬಂದಿದೆಯಾ" ಅಂತ ಕೇಳಬೇಡಿ. ಫೋನ್ ಮಾಡಿ, "ಮೆಣಸಿನ ಸಾರು ಮಾಡಿದ್ದೇನೆ, ಬಾಗಿಲಿಗೆ ಇಡುತ್ತೇನೆ, ಅಜ್ಜಿಗೆ ಎಷ್ಟು ದಿನದಿಂದ ಕೆಮ್ಮು?" ಅಂತ ಕೇಳಿ. ಸಾರಿನ ಡಬ್ಬಿ ಪಕ್ಕದಲ್ಲಿ ಆಕ್ಸಿಮೀಟರ್ ಇಡಿ, ಹೇಗೆ ನೋಡುವುದು ಅಂತ ಫೋನಿನಲ್ಲೇ ಹೇಳಿ. ನಂಬರು ಬಂದ ಮೇಲೆ ಇಲ್ಲಿ ಬರೆಯಿರಿ, ಆವರಗೆರೆ ಅಕ್ಕನವರೂ ನೋಡುತ್ತಿರುತ್ತಾರೆ.

ವಿನೋಬನಗರದಿಂದ

ಫೋನ್ ಮಾಡಿದೆ. ಐದನೇ ದಿನ ಅಂತೆ. ಆಕ್ಸಿಜನ್ 93. ಹೊರಗೆ ಗೊತ್ತಾದರೆ ಓನರ್ ಮನೆ ಬಿಡಿಸುತ್ತಾರೆ ಅಂತ ಹೆದರಿ ಸುಮ್ಮನಿದ್ದರಂತೆ. 108ಕ್ಕೆ ಹೇಳಿದ್ದೇವೆ, ಅಲ್ಲಿಯವರೆಗೆ ಏನು ಮಾಡಲಿ?

ಆವರಗೆರೆಯಿಂದ

ಅಜ್ಜಿಗೆ ಆಗುವುದಾದರೆ ಎದೆ ಕೆಳಗೆ ದಿಂಬು ಇಟ್ಟು ಬೋರಲು ಮಲಗಿಸಲು ಹೇಳಿ, ಊಟ ಮಾಡಿದ ತಕ್ಷಣ ಬೇಡ. ಆಗದಿದ್ದರೆ ಒಂದು ಮಗ್ಗುಲಿಗೆ, ಇಲ್ಲ ಒರಗಿಸಿ ಕೂರಿಸಲಿ. ಕಿಟಕಿ ತೆರೆಯಲಿ. ಮಾತ್ರೆ ಚೀಟಿ, ಆಧಾರ್, ಫೋನ್ ಚಾರ್ಜರ್, ಒಂದು ಹೊದಿಕೆ ಚೀಲಕ್ಕೆ ಹಾಕಲಿ. ಓನರ್ ಹತ್ತಿರ ನಾನು ಮಾತಾಡುತ್ತೇನೆ, ನಿಮ್ಮ ಬೀದಿಯ ಆಶಾ ಯಾರು ಅಂತ ನನಗೆ ಗೊತ್ತು, ಅವರಿಗೂ ಈಗಲೇ ಫೋನ್ ಮಾಡಿದ್ದೇನೆ, ಹೊರಟಿದ್ದಾರೆ.