ಪದಚರ್ಚೆ: ಆಸ್ಪತ್ರೆಯಲ್ಲಿ ಮಕ್ಕಳನ್ನು ಆಡಿಸಿ ಭಯ ಬಿಡಿಸುವವರಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಆಪರೇಷನ್ನಿಗೆ ಬರುವ ಮಕ್ಕಳ ಅಪ್ಪ ಅಮ್ಮಂದಿರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಪುಟಕ್ಕೊಮ್ಮೆ ‘ಚೈಲ್ಡ್ ಲೈಫ್ ಸ್ಪೆಷಲಿಸ್ಟ್’ ಬರುತ್ತಾರೆ. ಅಮೆರಿಕದ ಮಕ್ಕಳ ಆಸ್ಪತ್ರೆಗಳಲ್ಲಿ ಇದು ಸಂಬಳದ ಹುದ್ದೆ. ಎಮ್ಮಾ ಪ್ಲಾಂಕ್ ಎಂಬ ಶಿಕ್ಷಕಿ 1955ರಲ್ಲಿ ಕ್ಲೀವ್‌ಲ್ಯಾಂಡಿನ ಆಸ್ಪತ್ರೆಯಲ್ಲಿ ಶುರು ಮಾಡಿದ ಕೆಲಸದಿಂದ ಇದು ಬೆಳೆಯಿತು. ಬ್ರಿಟನ್ನಿನಲ್ಲಿ ಹೆಚ್ಚುಕಮ್ಮಿ ಇದೇ ಕೆಲಸ ಮಾಡುವವರು ‘ಪ್ಲೇ ಸ್ಪೆಷಲಿಸ್ಟ್’.

‘ಬಾಲಜೀವನ ತಜ್ಞ’ ಅಂತ ಬರೆದರೆ ತಲೆಬುಡ ತಿಳಿಯುವುದಿಲ್ಲ. ‘ಆಟ ಚಿಕಿತ್ಸಕಿ’ ಅಂದರೆ ಅದು ಪ್ಲೇ ಥೆರಪಿ ಆಗಿಬಿಡುತ್ತದೆ. ಅದು ಮನಸ್ಸಿನ ತೊಂದರೆಗೆ ಕೊಡುವ ಚಿಕಿತ್ಸೆ, ದಾರಿ ಬೇರೆ. ಇಲ್ಲಿ ಮಗುವಿನ ಮನಸ್ಸಿಗೆ ಯಾವ ಕಾಯಿಲೆಯೂ ಇಲ್ಲ. ಸೂಜಿ ಕಂಡರೆ ಭಯ, ಅಷ್ಟೇ. ಯಾರಿಗಿಲ್ಲ?

ಕೆಲಸ ಏನು ಅಂತ ಹೇಳಿದರೆ ಪದ ಹುಡುಕುವುದು ಸುಲಭವಾದೀತು. ಮಗುವಿನ ಕೈಗೆ ಒಂದು ಬಟ್ಟೆ ಗೊಂಬೆ ಕೊಡುತ್ತಾರೆ. ಜೊತೆಗೆ ನಿಜವಾದ ಹತ್ತಿ, ಟೇಪು, ಸೂಜಿಯಿಲ್ಲದ ಸಿರಿಂಜು, ಕ್ಯಾನುಲಾದ (ಔಷಧಿ ಕೊಡಲು ಸೂಜಿಯ ಸಹಾಯದಿಂದ ರಕ್ತನಾಳದೊಳಗೆ ಇಡುವ ಸಾಧನ) ಮೆತ್ತನೆಯ ಕೊಳವೆ. ಮಗುವೇ ಗೊಂಬೆಯ ಕೈ ಒರೆಸಿ, ಕೊಳವೆ ಇಟ್ಟು, ಟೇಪು ಅಂಟಿಸುತ್ತದೆ. ಕ್ಯಾನುಲಾ ಹಾಕಿದ ಮೇಲೆ ಸೂಜಿ ಕೈಯೊಳಗೇ ಉಳಿದಿದೆ ಅಂದುಕೊಂಡು ಕೈ ಅಲ್ಲಾಡಿಸದೆ ಕೂರುವ ಮಕ್ಕಳಿದ್ದಾರೆ. ದೊಡ್ಡವರೂ ಇದ್ದಾರೆ ಬಿಡಿ. ಸೂಜಿ ಹೊರಗೆ ಬಂತು, ಒಳಗಿರುವುದು ಪ್ಲಾಸ್ಟಿಕ್ ಕೊಳವೆ ಮಾತ್ರ ಅನ್ನುವುದು ಗೊಂಬೆಯ ಮೇಲೆ ಮಾಡಿ ನೋಡಿದಾಗಲೇ ಮಗುವಿಗೆ ಅರ್ಥವಾಗುವುದು. ನಿಜವಾಗಿ ಚುಚ್ಚುವ ಹೊತ್ತಿಗೆ ಮಗುವನ್ನು ಮಂಚಕ್ಕೆ ಒತ್ತಿ ಹಿಡಿಯುವುದಿಲ್ಲ. ಅಮ್ಮನ ತೊಡೆಯ ಮೇಲೆ, ಎದೆಗೊರಗಿಸಿ ಕೂರಿಸುತ್ತಾರೆ. ಸೋಪಿನ ಗುಳ್ಳೆ ಊದಿಸುತ್ತಾರೆ. ಊದುವಾಗ ಉಸಿರು ನಿಧಾನವಾಗುತ್ತದೆ, ಬಿಗಿ ಹಿಡಿದ ಮೈ ಸಡಿಲವಾಗುತ್ತದೆ.

ಈಗ ನಮ್ಮ ಪದಗಳು. ಮೊದಲು ಹೊಳೆದದ್ದು ‘ರಮಿಸು’. ಅಳುವ ಮಗುವನ್ನು ರಮಿಸುವುದು ಎಷ್ಟು ಚೆಂದದ ಮಾತು! ಆದರೆ ಗಂಡುಹೆಣ್ಣಿನ ಅರ್ಥವೂ ಇದೆಯಲ್ಲ, ಆಸ್ಪತ್ರೆಯ ಕೈಪಿಡಿಯಲ್ಲಿ ಯಾರಾದರೂ ಮುಸಿಮುಸಿ ನಕ್ಕಾರು. ಉತ್ತರ ಕರ್ನಾಟಕದ ‘ರಂಬಿಸು’ಗೆ ಆ ಕಾಟ ಇಲ್ಲ ಅನ್ನಿಸುತ್ತದೆ, ಆ ಕಡೆಯವರು ಹೇಳಬೇಕು. ‘ಓಲೈಸು’ ರಾಜಕೀಯದವರ ಪಾಲಾಗಿದೆ. ‘ಪುಸಲಾಯಿಸು’ವಿನಲ್ಲಿ ಸ್ವಲ್ಪ ಮೋಸದ ವಾಸನೆ. ‘ಸಂತೈಸು’ ಅಂದರೆ ಅತ್ತ ಮೇಲಿನ ಕೆಲಸ, ಇದು ಅಳುವ ಮುಂಚಿನದು.

ನನಗೆ ತೊಡಕಾಗಿರುವುದು ಇಲ್ಲೇ. ಮಕ್ಕಳ ಭಯಕ್ಕೆ ನಮ್ಮಲ್ಲಿರುವ ಮಾತು ಜಾಸ್ತಿ ಎರಡೇ ಥರ. ಒಂದು, ‘ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ’ ಅಂತ ಮರೆಸುವುದು. ಇನ್ನೊಂದು, ‘ಹಠ ಮಾಡಿದ್ರೆ ಡಾಕ್ಟರ್ ಹತ್ರ ಸೂಜಿ ಚುಚ್ಚಿಸ್ತೀನಿ’ ಅಂತ ಹೆದರಿಸುವುದು. ಈ ಎರಡನೆಯದನ್ನು ಕೇಳಿ ಬೆಳೆದ ಮಗುವಿಗೆ ಆಸ್ಪತ್ರೆ ಅಂದರೆ ಶಿಕ್ಷೆ ಅಲ್ವಾ? ಕೈಪಿಡಿ ಹೇಳುವುದು ಮೂರನೆಯ ದಾರಿ: ನೋವಾಗುತ್ತೆ ಅನ್ನುವುದನ್ನು ಮುಚ್ಚಿಡದೆ, ಆಟದಲ್ಲೇ ಮೊದಲು ಪರಿಚಯ ಮಾಡಿಸುವುದು. ಹಾಗಾಗಿ ಕ್ರಿಯೆಗೆ ಸದ್ಯ ‘ಆಡಿಸಿ ಅಣಿಗೊಳಿಸುವುದು’ ಎಂದು ಬರೆದಿದ್ದೇನೆ. ವ್ಯಕ್ತಿಗೆ ‘ಆಟದಕ್ಕ’. ನರ್ಸುಗಳನ್ನು ಹೇಗೂ ಸಿಸ್ಟರ್ ಅನ್ನುತ್ತೇವೆ, ಅಕ್ಕ ಹೊಂದುತ್ತದೆ. ಗಂಡಸರೂ ಈ ಕೆಲಸ ಮಾಡುತ್ತಾರೆ, ಅವರು ‘ಆಟದಣ್ಣ’. ಔಪಚಾರಿಕವಾಗಿ ಎರಡಕ್ಕೂ ಒಂದೇ ಪದ ಬೇಕಾದರೆ ‘ಆಟದ ಒಡನಾಡಿ’ ನಡೆದೀತೇ?

ಜೊತೆಗೊಂದು ಸಣ್ಣ ಪ್ರಶ್ನೆ. ಅನೆಸ್ತೀಷಿಯಾಕ್ಕೆ ‘ಅರಿವಳಿಕೆ’ ಒಳ್ಳೆಯ ಪದ, ಆದರೆ ಐದು ವರ್ಷದ ಮಗುವಿಗೆ ಹೇಳುವಂಥದ್ದಲ್ಲ. ‘ಮತ್ತು ಬರಿಸುವುದು’ ಅಂದರೆ ಹೆಂಡದ ನೆನಪು. ‘ಪ್ರಜ್ಞೆ ತಪ್ಪಿಸುವುದು’ ಕೇಳಿದರೆ ನನಗೇ ಭಯ. ಸುಮ್ನೆ ‘ನಿದ್ದೆ ಮಾಡಿಸುತ್ತಾರೆ’ ಅಂದರೆ, ನಡುವೆ ಎಚ್ಚರವಾದರೆ ಏನು ಗತಿ ಅಂತ ಮಗು ಕೇಳುತ್ತದೆ. ರಾತ್ರಿ ಮನೆಯಲ್ಲಿ ಮಲಗುವುದಕ್ಕೂ ಹೆದರಬಹುದು. ಅದಕ್ಕೇ ‘ಔಷಧಿ ನಿದ್ದೆ’ ಎಂದು ಹಾಕಿದ್ದೇನೆ, ಡಾಕ್ಟರು ಔಷಧಿ ನಿಲ್ಲಿಸಿದ ಮೇಲೇ ಎಚ್ಚರವಾಗುವ ಬೇರೆ ಥರದ ನಿದ್ದೆ ಎಂಬ ವಿವರಣೆಯ ಜೊತೆ. ನಿಮ್ಮ ಮನೆಗಳಲ್ಲಿ ಮಕ್ಕಳಿಗೆ ಇದನ್ನು ಹೇಗೆ ಹೇಳುತ್ತೀರಿ? ಕುಂದಾಪುರ, ಕೊಡಗು, ಬೀದರ್ ಕಡೆಯ ಮಾತು ಇದ್ದರೆ ಅದನ್ನೂ ಬರೆಯಿರಿ.