ತುಕ್ಕು, ಕಿಲುಬು, ಬೆಳ್ಳಿಯ ಕಪ್ಪು: ಮೂರಕ್ಕೂ ಸಲ್ಲುವ ಒಂದು ಪದ ಇದೆಯೇ?

ಎಲ್ಲರಿಗೂ ನಮಸ್ಕಾರ.

ಒಂದು ವಾಕ್ಯದ ಹತ್ತಿರ ನಿಂತುಬಿಟ್ಟಿದ್ದೇನೆ, ನಿಮ್ಮ ಸಹಾಯ ಬೇಕು. ಹೈಸ್ಕೂಲು ಮಕ್ಕಳಿಗಾಗಿ ಲೋಹಗಳ ಬಗ್ಗೆ ಒಂದು ಕಿರುಪುಸ್ತಕ ಬರೆಯುತ್ತಿದ್ದೇನೆ. ಹೊಳಪು, ತೂಕ, ತಗಡು ಬಡಿಯುವುದು, ತಂತಿ ಎಳೆಯುವುದು ಇದೆಲ್ಲ ಸಲೀಸಾಗಿ ಮುಗಿಯಿತು. ಗಾಳಿ, ನೀರು ತಾಗಿದರೆ ಲೋಹಕ್ಕೆ ಏನಾಗುತ್ತದೆ ಅನ್ನುವ ಭಾಗಕ್ಕೆ ಬಂದಾಗ ಹೀಗೆ ಬರೆದೆ: "ಕಬ್ಬಿಣ, ತಾಮ್ರ, ಬೆಳ್ಳಿ ಎಲ್ಲಕ್ಕೂ ತುಕ್ಕು ಹಿಡಿಯುತ್ತದೆ."

ಅಮ್ಮನಿಗೆ ಓದಿ ಹೇಳಿದೆ. ಹುರುಳಿಕಾಯಿ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. "ತಾಮ್ರಕ್ಕೆ ಎಲ್ಲಾದರೂ ತುಕ್ಕು ಹಿಡಿಯುತ್ತಾ? ಅದು ಕಿಲುಬು. ಬೆಳ್ಳಿ ಸುಮ್ನೆ ಕಪ್ಪಾಗುತ್ತೆ, ಅಷ್ಟೇ."

ಒಂದೇ ಮಾತಿನಲ್ಲಿ ನನ್ನ ವಾಕ್ಯ ಬಿದ್ದುಹೋಯಿತು. ಅವರು ರಸಾಯನಶಾಸ್ತ್ರ ಓದಿದವರಲ್ಲ. ಆದರೆ ಅವರ ಮೂರು ಮಾತು, ಮೂರು ಬೇರೆ ಬೇರೆ ವಸ್ತುಗಳಿಗೆ ಸರಿಯಾಗಿ ಕೂರುತ್ತವೆ. ಕಬ್ಬಿಣದ ತುಕ್ಕು ಎಂದರೆ ನೀರಿನ ಅಂಶ ಸೇರಿದ ಕಬ್ಬಿಣದ ಆಕ್ಸೈಡು. ತಾಮ್ರದ ಕಿಲುಬು ಬಹುಪಾಲು ತಾಮ್ರದ ಕಾರ್ಬೋನೇಟು ಮತ್ತು ಹೈಡ್ರಾಕ್ಸೈಡು ಸೇರಿದ್ದು. ಬೆಳ್ಳಿಯ ಕಪ್ಪು, ಬೆಳ್ಳಿಯ ಸಲ್ಫೈಡು. ಒಂದು ಆಮ್ಲಜನಕ ಮತ್ತು ನೀರಿನ ಕೆಲಸ, ಇನ್ನೊಂದಕ್ಕೆ ಗಾಳಿಯ ಇಂಗಾಲದ ಡೈಆಕ್ಸೈಡೂ ಬೇಕು, ಮತ್ತೊಂದು ಗಂಧಕದ ಕೆಲಸ. ಅಡುಗೆಮನೆಯ ಕನ್ನಡ ಇವನ್ನು ಯಾವತ್ತೋ ಬೇರೆ ಮಾಡಿ ಇಟ್ಟಿದೆ. ನಾನು ಮೂರನ್ನೂ ಒಂದೇ ಡಬ್ಬಿಗೆ ತುಂಬಲು ಹೊರಟಿದ್ದೆ.

ಹಾಗಾಗಿ ನನ್ನ ಪ್ರಶ್ನೆ ಎರಡು. ತುಕ್ಕು ಮತ್ತು ಕಿಲುಬು ಈ ಎರಡರ ಗಡಿ ನಿಮ್ಮ ಊರಿನ ಮಾತಿನಲ್ಲೂ ಇಷ್ಟೇ ಗಟ್ಟಿಯಾಗಿದೆಯೇ? ಮತ್ತು ಮೂರನ್ನೂ ಸೇರಿಸಿ ಹೇಳಲೇಬೇಕಾದಾಗ ಯಾವ ಪದ ಬಳಸಬೇಕು?

ಮೊದಲು ಕಿಲುಬಿನ ಬಗ್ಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಇದು ಹಳೆಯ ಪದ, ಅಕ್ಕಪಕ್ಕದ ಭಾಷೆಗಳಲ್ಲೂ ಇದರ ನೆಂಟರಿದ್ದಾರೆ. ತೆಲುಗಿನಲ್ಲಿ ಚಿಲುಮು, ತಮಿಳಿನಲ್ಲಿ ಕಳಿಂಬು, ಮಲಯಾಳದಲ್ಲಿ ಕ್ಲಾವು. ನಮ್ಮ ಕಿವಿ ತೆಲುಗಿನಲ್ಲಿ ಚೆವಿ, ನಮ್ಮ ಕೆರೆ ಅಲ್ಲಿ ಚೆರುವು. ಅದೇ ದಾರಿಯಲ್ಲಿ ನಮ್ಮ ಕಿಲುಬು ಅಲ್ಲಿ ಚಿಲುಮು. ತಮಿಳಿನ ಕಳಿಂಬಿಗೆ ಈಗ ಗಾಯಕ್ಕೆ ಹಚ್ಚುವ ಮುಲಾಮು ಎಂಬ ಅರ್ಥವೂ ಇದೆ. ಲೋಹದ ಮೇಲೆ ಸವರಿದಂತೆ ಕೂರುವ ಪದರ, ಚರ್ಮದ ಮೇಲೆ ಸವರುವ ಔಷಧ: ಅರ್ಥ ಹೀಗೆ ಜಾರಿರಬಹುದು ಎಂದು ನನ್ನ ಊಹೆ. ತಮಿಳು ಚೆನ್ನಾಗಿ ಬಲ್ಲವರು ತಿದ್ದಬೇಕು.

ತುಕ್ಕಿನ ಕಥೆ ಬೇರೆ. ತೆಲುಗಿನಲ್ಲಿ ಕಬ್ಬಿಣದ ತುಕ್ಕಿಗೆ ತುಪ್ಪು ಎನ್ನುತ್ತಾರೆ. ತುಕ್ಕು ಎಂಬ ಪದ ಅಲ್ಲೂ ಇದೆ, ಆದರೆ ಅದು ಗುಜರಿ, ಕಸ ಎಂಬ ಅರ್ಥದಲ್ಲಿ. ತಮಿಳಿನಲ್ಲಿ ತುರು. ನಮ್ಮಲ್ಲೇ ಕಲಬುರಗಿ ಕಡೆಯ ಗೆಳೆಯರೊಬ್ಬರು ತುಕ್ಕು ಎನ್ನುವುದೇ ಇಲ್ಲ, "ಜಂಗು ಹಿಡದದ" ಎನ್ನುತ್ತಾರೆ. ಅದು ಫಾರಸಿಯಿಂದ ಉರ್ದು ದಾಟಿ ಬಂದ ಪದ. ತಾಮ್ರದ ಕೊಡಕ್ಕೂ ಜಂಗು ಅಂತೀರಾ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಇಲ್ಲ, ಅದಕ್ಕ ಕಿಲುಬು" ಅಂದರು. ಅಂದರೆ ಕಬ್ಬಿಣದ ಪದ ಹೊರಗಿನಿಂದ ಬಂದ ಕಡೆಯೂ ತಾಮ್ರದ ಪದ ಜಾಗ ಬಿಟ್ಟುಕೊಟ್ಟಿಲ್ಲ. ನನಗೆ ತುಂಬಾ ಖುಷಿ ಕೊಟ್ಟ ಮಾಹಿತಿ ಇದು. ಬೀದರ್, ರಾಯಚೂರು, ಬೆಳಗಾವಿ ಕಡೆಯವರು ನಿಮ್ಮ ಮಾತನ್ನೂ ತಿಳಿಸಿ.

ಕಿಲುಬಿನ ಇನ್ನೊಂದು ವಿಶೇಷ ಅದು ಕ್ರಿಯಾಪದವೂ ಆಗುವುದು. "ಮಜ್ಜಿಗೆ ಕಿಲುಬಿದೆ" ಎನ್ನುತ್ತೇವಲ್ಲ, ಅದು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ರಾತ್ರಿಯಿಡೀ ಮಜ್ಜಿಗೆ ಇಟ್ಟರೆ ಬೆಳಗ್ಗೆ ಅದರ ರುಚಿಯೇ ಬೇರೆ. ನಾಲಿಗೆಯ ಬದಿಗೆ ನಾಣ್ಯ ತಾಗಿದ ಹಾಗೆ. ಹುಳಿಯಲ್ಲಿನ ಆಮ್ಲ ಪಾತ್ರೆಯ ತಾಮ್ರವನ್ನು ಸ್ವಲ್ಪ ಸ್ವಲ್ಪ ಬಿಡಿಸಿಕೊಂಡಿರುತ್ತದೆ. ಅದನ್ನು ಕುಡಿಯಬಾರದು, ಹೊಟ್ಟೆ ತೊಳೆಸಿ ವಾಂತಿಯಾಗುತ್ತದೆ. ಮರಾಠಿಯಲ್ಲೂ ಇದಕ್ಕೇ ಮೀಸಲಾದ ಕ್ರಿಯಾಪದ ಇದೆ, ಕಳಕಣೇ. ತುಕ್ಕಿಗೆ ಹೀಗೆ ಆಗುವುದಿಲ್ಲ. ಕಬ್ಬಿಣದ ಬಾಣಲೆಯಲ್ಲಿ ಹುಳಿ ಮಾಡಿದರೆ ಸಾರು ಕಪ್ಪಾಗುತ್ತದೆ, ಆದರೆ "ಸಾರು ತುಕ್ಕಿತು" ಎಂದು ಯಾರೂ ಹೇಳುವುದಿಲ್ಲ. ಊಟಕ್ಕೆ ಅಪಾಯ ತರುವುದಕ್ಕೆ ಮಾತ್ರ ಭಾಷೆ ಒಂದು ಕ್ರಿಯಾಪದವನ್ನೇ ಕೊಟ್ಟಿದೆ.

ಕಲಾಯಿ ಎಂಬ ಪದ ಬಂದಿದ್ದರಿಂದ ಒಂದು ನೆನಪು. ನಮ್ಮ ಬೀದಿಗೆ ವರ್ಷಕ್ಕೊಮ್ಮೆ ಕಲಾಯಿಯವರು ಬರುತ್ತಿದ್ದರು. ನೆಲದಲ್ಲಿ ಗುಂಡಿ, ಅದರಲ್ಲಿ ಇದ್ದಿಲು, ಪಕ್ಕದಲ್ಲಿ ತಿದಿ. ಪಾತ್ರೆ ಚೆನ್ನಾಗಿ ಕಾದ ಮೇಲೆ ಒಂದು ಚಿಟಿಕೆ ನವಸಾಗರ (ಅಮೋನಿಯಂ ಕ್ಲೋರೈಡು) ಎರಚುತ್ತಿದ್ದರು. ಬುಸ್ಸೆಂದು ಬಿಳಿ ಹೊಗೆ ಏಳುತ್ತಿತ್ತು, ಮೂಗು ಉರಿಯುತ್ತಿತ್ತು. ಕೂಡಲೇ ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಸುತ್ತಲೂ ಒರೆಸುತ್ತಿದ್ದರು. ಕ್ಷಣದಲ್ಲಿ ಒಳಗೆಲ್ಲ ಬೆಳ್ಳಗೆ. ತವರ 232 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ, ತಾಮ್ರಕ್ಕೆ 1085 ಡಿಗ್ರಿ ಬೇಕು. ಹಾಗಾಗಿ ಪಾತ್ರೆಗೆ ಏನೂ ಆಗದೆ ತವರ ಮಾತ್ರ ನೀರಾಗಿ ಹರಡುತ್ತದೆ. ನವಸಾಗರ ಕಾದಾಗ ಒಡೆದು ಹೈಡ್ರೋಕ್ಲೋರಿಕ್ ಆಮ್ಲದ ಆವಿ ಬಿಡುತ್ತದೆ, ಅದು ಪಾತ್ರೆಯ ಮೇಲಿನ ಆಕ್ಸೈಡನ್ನು ತಿಂದು ಲೋಹವನ್ನು ಬೆತ್ತಲೆ ಮಾಡುತ್ತದೆ. ಆಗಲೇ ತವರ ಕಚ್ಚಿಕೊಳ್ಳುವುದು. ಅವರು ಇದಕ್ಕೆ "ಕಿಲುಬು ಸುಡೋದು" ಎನ್ನುತ್ತಿದ್ದರು. ಈ ನುಡಿಯನ್ನು ಬೇರೆ ಯಾರಾದರೂ ಕೇಳಿದ್ದೀರಾ?

ಈಗ ಎರಡನೇ ಪ್ರಶ್ನೆ. ಪಠ್ಯಪುಸ್ತಕದಲ್ಲಿ ಮೂರಕ್ಕೂ ಸೇರಿಸಿ ನಶಿಸುವಿಕೆ ಎಂಬ ಪದ ಇದೆ. ಓದಲು ಸುಲಭ, ಮಕ್ಕಳಿಗೂ ಬಾಯಿಗೆ ಬರುತ್ತದೆ. ಆದರೆ ಅರ್ಥ ಹೊಂದುತ್ತದೆಯೇ? ಕಬ್ಬಿಣಕ್ಕೆ ಹೊಂದುತ್ತದೆ. ತುಕ್ಕು ಸಡಿಲ, ಪುಡಿಪುಡಿ. ಉದುರುತ್ತದೆ, ಒಳಗಿನ ಕಬ್ಬಿಣಕ್ಕೆ ಮತ್ತೆ ಗಾಳಿ ತಾಗುತ್ತದೆ, ಮತ್ತೆ ತುಕ್ಕು. ಕರಾವಳಿಯ ಮನೆಗಳಲ್ಲಿ ಕಿಟಕಿ ಸರಳಿನ ಬುಡ ನೋಡಿ, ಪೆನ್ಸಿಲಿನಷ್ಟು ಸಣ್ಣಗಾಗಿರುತ್ತದೆ. ಆರ್‌ಸಿಸಿ ಒಳಗಿನ ಕಂಬಿಗೆ ತುಕ್ಕು ಹಿಡಿದರೆ ಅದು ಮೊದಲಿದ್ದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಡುತ್ತದೆ, ಉಬ್ಬುತ್ತದೆ, ಸಿಮೆಂಟನ್ನೇ ಸೀಳುತ್ತದೆ. ಇದು ನಿಜವಾಗಿ ನಶಿಸುವುದೇ.

ತಾಮ್ರದ ಕಿಲುಬು ಹಾಗಲ್ಲ. ಹಳೆಯ ಕಟ್ಟಡದ ತಾಮ್ರದ ಮಾಡಿನ ಮೇಲೆ ಕೂತ ಹಸಿರು ಪದರ ಗಟ್ಟಿಯಾಗಿ ಅಂಟಿಕೊಂಡು ಕೆಳಗಿನ ತಾಮ್ರವನ್ನು ಕಾಯುತ್ತದೆ. ಅಲ್ಯೂಮಿನಿಯಂ ಇನ್ನೂ ಒಂದು ಹೆಜ್ಜೆ ಮುಂದೆ. ಗಾಳಿ ತಾಗಿದ ಕೂಡಲೇ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡಿನ ಹೊದಿಕೆ ಹೊದ್ದುಕೊಂಡುಬಿಡುತ್ತದೆ. ಕಬ್ಬಿಣಕ್ಕಿಂತ ಜಾಸ್ತಿ ಚುರುಕಿನ ಲೋಹ ಅದು, ಆದರೂ ಬಾಳಿಕೆ ಬರುವುದು ಆ ಹೊದಿಕೆಯಿಂದ. ಉಳಿಸುವ ಪದರಕ್ಕೆ ನಶಿಸುವಿಕೆ ಎಂದು ಹೆಸರಿಟ್ಟರೆ ಮಗುವಿಗೆ ತಪ್ಪು ತಿಳುವಳಿಕೆ ಕೊಟ್ಟ ಹಾಗೆ, ಅಲ್ವಾ?

ಬೆಳ್ಳಿಯ ವಿಷಯದಲ್ಲಂತೂ ಈ ಪದ ನಿಲ್ಲುವುದೇ ಇಲ್ಲ. ಕಳೆದ ವಾರ ಮನೆಯಲ್ಲಿ ಮಾಡಿ ನೋಡಿದೆ. ಒಂದು ಬೋಗುಣಿಗೆ ಅಲ್ಯೂಮಿನಿಯಂ ಹಾಳೆ ಹಾಸಿ, ಕಪ್ಪಾದ ಕುಂಕುಮದ ಬಟ್ಟಲನ್ನು ಅದಕ್ಕೆ ತಾಗುವಂತೆ ಇಟ್ಟು, ಅಡುಗೆ ಸೋಡ ಹಾಕಿ ಕುದಿಯುವ ನೀರು ಸುರಿದೆ. ಸಣ್ಣ ಗುಳ್ಳೆ ಎದ್ದವು, ಕೊಳೆತ ಮೊಟ್ಟೆಯ ವಾಸನೆ ತುಸು ಬಂತು. ಐದು ನಿಮಿಷದಲ್ಲಿ ಬಟ್ಟಲು ಬೆಳ್ಳಗೆ, ಅಲ್ಯೂಮಿನಿಯಂ ಹಾಳೆ ಮಂಕು. ಉಜ್ಜಿ ತೆಗೆದಿದ್ದಲ್ಲ. ಗಂಧಕ ಬೆಳ್ಳಿಯನ್ನು ಬಿಟ್ಟುಹೋಯಿತು, ಬೆಳ್ಳಿ ಇದ್ದಲ್ಲೇ ಮತ್ತೆ ಬೆಳ್ಳಿಯಾಯಿತು. ಅದಕ್ಕೆ ಬೇಕಾದ ಎಲೆಕ್ಟ್ರಾನುಗಳನ್ನು ಕೊಟ್ಟದ್ದು ಅಲ್ಯೂಮಿನಿಯಂ. ಮರಳಿ ಬಂದದ್ದನ್ನು ನಶಿಸಿತ್ತು ಎನ್ನುವುದು ಹೇಗೆ?

ಇನ್ನು ಬೀದರಿನ ಬಿದ್ರಿ ಕೆಲಸ. ಅಲ್ಲಿ ಕಪ್ಪಾಗಿಸುವುದೇ ಕಲೆ. ಬಿದ್ರಿ ಲೋಹದಲ್ಲಿ ಬಹುಪಾಲು ಸತು, ಸ್ವಲ್ಪ ತಾಮ್ರ. ಸಾಮಾನ್ಯವಾಗಿ ಹೇಳುವ ಅಳತೆ 16 ಪಾಲಿಗೆ 1 ಪಾಲು. ಅದರ ಮೇಲೆ ಚಿತ್ತಾರ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಬಿಸಿಯಾಗಿ ಹಚ್ಚುತ್ತಾರೆ. ಸತುವಿನ ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ. ಒಂದೇ ಲೇಪ, ಎರಡು ಲೋಹ, ಎರಡು ನಡವಳಿಕೆ. ಲೋಹಗಳ ಗುಣದ ಪಾಠಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನಮ್ಮ ನಾಡಿನಲ್ಲಿ ಬೇರೆ ಇಲ್ಲ ಎಂದೇ ನನ್ನ ನಂಬಿಕೆ. ನಮ್ಮ ಕಲಾಯಿಯವರ ಕೈಯಲ್ಲಿದ್ದ ನವಸಾಗರವೇ ಇಲ್ಲೂ ಇದೆ ನೋಡಿ. ಅಲ್ಲಿ ಲೋಹವನ್ನು ಬೆಳಗಲು, ಇಲ್ಲಿ ಕಪ್ಪಾಗಿಸಲು. ಆ ಹೂದಾನಿಯ ಎದುರು ನಿಂತು ನಶಿಸುವಿಕೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆ ಕಪ್ಪಿಗೆ ಕುಶಲಕರ್ಮಿಗಳು ತಮ್ಮೊಳಗೆ ಏನೆನ್ನುತ್ತಾರೆ? ಬೀದರಿನವರು ಕೇಳಿ ತಿಳಿಸಿದರೆ ದೊಡ್ಡ ಉಪಕಾರ.

ಸದ್ಯಕ್ಕೆ ನಾನು ಮಾಡಿಕೊಂಡ ಏರ್ಪಾಡು ಇದು. ಒಂದೇ ಪದದ ಆಸೆ ಬಿಟ್ಟೆ. ಲೋಹ ಕರಗಿ, ಉದುರಿ ಕಡಿಮೆಯಾಗುವುದಕ್ಕೆ ಕೊರೆತ. ಕಡಲ್ಕೊರೆತ ಎಂಬ ಪದ ಎಲ್ಲರಿಗೂ ಗೊತ್ತು, ಅದೇ ಧಾಟಿ. ಮೇಲಿನ ಬಣ್ಣ, ಹೊಳಪು ಮಾತ್ರ ಬದಲಾಗುವುದಕ್ಕೆ ಮಾಸುವುದು. "ಬೆಳ್ಳಿ ಮಾಸಿದೆ" ಎಂಬ ಮಾತು ಈಗಾಗಲೇ ಬಳಕೆಯಲ್ಲಿದೆ. ತುಕ್ಕು ಕಬ್ಬಿಣಕ್ಕೆ ಮಾತ್ರ. ಕಿಲುಬು ತಾಮ್ರ, ಹಿತ್ತಾಳೆ, ಕಂಚಿಗೆ ಮಾತ್ರ. ಸವೆತ ಎಂಬ ಪದವನ್ನೂ ತೂಗಿ ನೋಡಿದೆ. ಅದರಲ್ಲಿ ಉಜ್ಜಾಟದ ಅರ್ಥ ಜಾಸ್ತಿ, ಚಪ್ಪಲಿ ಸವೆಯುವ ಹಾಗೆ, ಅದಕ್ಕೇ ಬಿಟ್ಟೆ.

ಈ ಏರ್ಪಾಡಿಗೆ ಎರಡು ಕಡೆ ತೊಡಕಿದೆ, ಮುಚ್ಚಿಡುವುದಿಲ್ಲ. ಒಂದು, ಕೊಡಚಾದ್ರಿಯ ಮೇಲೆ ನಿಂತಿರುವ ಕಬ್ಬಿಣದ ಕಂಬ. ಮಲೆನಾಡಿನ ಮಳೆಯಲ್ಲಿ ತಲೆಮಾರುಗಳಿಂದ ನೆನೆಯುತ್ತಿದೆ, ಆದರೂ ನಿಂತಿದೆ. ದೆಹಲಿಯ ಕಂಬದ್ದೂ ಇದೇ ಬಗೆ. ಸುಮಾರು 1600 ವರ್ಷದ ಕಂಬ ಅದು. ಅದರ ಕಬ್ಬಿಣದಲ್ಲಿ ರಂಜಕ ಜಾಸ್ತಿ ಇರುವುದರಿಂದ ಮೇಲೆ ಒಂದು ಕಾಯುವ ಪದರ ಕಟ್ಟಿದೆ ಎಂದು ಲೋಹಶಾಸ್ತ್ರಜ್ಞ ಆರ್. ಬಾಲಸುಬ್ರಮಣ್ಯಂ ವಿವರಿಸಿದ್ದಾರೆ. ಉದುರದ, ಕೊರೆಯದ ಆ ಕಂದು ಪದರವನ್ನೂ ತುಕ್ಕು ಎನ್ನೋಣವೇ?

ಇನ್ನೊಂದು ದಿನನಿತ್ಯದ್ದು. ಸ್ಕೂಟರ್ ಬ್ಯಾಟರಿಯ ತುದಿಯಲ್ಲಿ ಬಿಳಿ, ನೀಲಿ, ಹಸಿರು ಪುಡಿ ಕೂರುತ್ತದಲ್ಲ, ಅದಕ್ಕೆ ಏನೆನ್ನುವುದು? ನಾನು ಹೋಗುವ ಗ್ಯಾರೇಜಿನ ಹುಡುಗ ಬಿಸಿನೀರು ಹೊಯ್ಯುತ್ತಾ, "ಉಪ್ಪು ಕಟ್ಟಿದೆ ಸರ್" ಅಂದ. ಪುಸ್ತಕದ ಲೆಕ್ಕದಲ್ಲೂ ಅದು ಸರಿ. ಗಂಧಕಾಮ್ಲ ಲೋಹಕ್ಕೆ ತಾಗಿ ಆಗುವ ಸಲ್ಫೇಟು ರಸಾಯನಶಾಸ್ತ್ರದಲ್ಲಿ ಲವಣ, ಅಂದರೆ ಉಪ್ಪೇ. ಅವನು ಕಟ್ಟಿದೆ ಎಂದ, ಹಿಡಿದಿದೆ ಎನ್ನಲಿಲ್ಲ. ಇದನ್ನೂ ಗಮನಿಸಿದೆ. ನಮ್ಮ ಮನೆಯಲ್ಲಿ ತುಕ್ಕು ಹಿಡಿಯುತ್ತದೆ, ಕಿಲುಬು ಏಳುತ್ತದೆ ಅಥವಾ ಕಟ್ಟುತ್ತದೆ, ಬೆಳ್ಳಿ ಬರೀ ಕಪ್ಪಾಗುತ್ತದೆ. ನಿಮ್ಮ ಮನೆಯಲ್ಲಿ ಯಾವುದು ಹಿಡಿಯುತ್ತದೆ, ಯಾವುದು ಏಳುತ್ತದೆ, ಯಾವುದು ಕಟ್ಟುತ್ತದೆ? ಊರಿನ ಹೆಸರಿನ ಜೊತೆ ಒಂದೊಂದು ಸಾಲು ಬರೆದರೆ ಸಾಕು. ಅಮ್ಮ ಬೀಳಿಸಿದ ಆ ವಾಕ್ಯದ ಜಾಗ ಪುಟದಲ್ಲಿ ಇನ್ನೂ ಖಾಲಿ ಇದೆ.